ಕೀಬಂಚಿನ ಟಾರ್ಚು: ಲೂಮೆನ್ನಿಗಿಂತ ಮೊದಲು ಸೆಲ್ಲಿನ ಲೆಕ್ಕ

ಟಿವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ಲಿನಲ್ಲಿ ಎಷ್ಟು ಶಕ್ತಿ ಹಿಡಿಸುತ್ತದೆ ಎಂಬುದೊಂದು ಗೊತ್ತಿದ್ದರೆ ಕೀಬಂಚಿಗೆ ಟಾರ್ಚು ಆರಿಸುವ ಕೆಲಸ ಅರ್ಧ ಮುಗಿದಂತೆ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಒಳ್ಳೆಯ ಎಎಎ ಸೆಲ್ಲಿನ ಸಾಮರ್ಥ್ಯ ಸುಮಾರು 800 ಎಂಎಎಚ್, ವೋಲ್ಟೇಜು 1.2. ಗುಣಿಸಿದರೆ ಹೆಚ್ಚುಕಡಿಮೆ 1 ವ್ಯಾಟ್-ಗಂಟೆ ಬರುತ್ತದೆ. ಅಂದರೆ 1 ವ್ಯಾಟಿನ ದೀಪ ಒಂದು ಗಂಟೆ ಉರಿಯುವಷ್ಟು. ಇಂಥ ಟಾರ್ಚುಗಳ ಎಲ್‌ಇಡಿ ಒಂದು ವ್ಯಾಟಿಗೆ 100 ಲೂಮೆನ್ ಆಸುಪಾಸಿನ ಬೆಳಕು ಕೊಡುತ್ತದೆ. ಒಳಗಿನ ಸರ್ಕ್ಯೂಟು, ಮುಂದಿನ ಗಾಜು ತಮ್ಮ ತಮ್ಮ ಪಾಲು ಕಳೆದುಕೊಂಡ ಮೇಲೆ ನಮಗೆ ದಕ್ಕುವುದು ಸುಮಾರು 80 ಲೂಮೆನ್-ಗಂಟೆ. ಅದನ್ನು ಹೇಗೆ ಬೇಕಾದರೂ ಖರ್ಚು ಮಾಡಿಕೊಳ್ಳಬಹುದು: 80 ಲೂಮೆನ್ನಿನಲ್ಲಿ ಒಂದು ಗಂಟೆ, 10 ಲೂಮೆನ್ನಿನಲ್ಲಿ ಎಂಟು ಗಂಟೆ, 320 ಲೂಮೆನ್ನಿನಲ್ಲಿ ಕಾಲು ಗಂಟೆ. ಚೊಂಬಿನಲ್ಲಿರುವ ನೀರು ಅಷ್ಟೇ. ಒಮ್ಮೆಗೇ ಸುರಿದುಕೊಳ್ಳುತ್ತೀರೋ, ಗುಟುಕು ಗುಟುಕಾಗಿ ಕುಡಿಯುತ್ತೀರೋ ಎಂಬುದು ಮಾತ್ರ ನಿಮ್ಮ ಕೈಯಲ್ಲಿದೆ.

ಈ ಲೆಕ್ಕವನ್ನು ಕೈಯಲ್ಲಿ ಹಿಡಿದುಕೊಂಡು ಆನ್‌ಲೈನ್ ಅಂಗಡಿಯ ಜಾಹೀರಾತುಗಳನ್ನು ಓದಿದರೆ ಬಹಳಷ್ಟು ಸರಕು ತಾನಾಗಿಯೇ ಜಾರಿಹೋಗುತ್ತದೆ. ಬೆರಳುದ್ದದ ಟಾರ್ಚಿಗೆ 1000 ಲೂಮೆನ್, 10 ಗಂಟೆ ಎಂದು ಬರೆದಿದ್ದರೆ ಅದಕ್ಕೆ 10,000 ಲೂಮೆನ್-ಗಂಟೆ ಬೇಕು, ಅಂದರೆ 100 ವ್ಯಾಟ್-ಗಂಟೆಗೂ ಹೆಚ್ಚು. ಮನೆಯಲ್ಲಿರುವ ಲ್ಯಾಪ್‌ಟಾಪಿನ ಬ್ಯಾಟರಿಯೇ ಸಾಮಾನ್ಯವಾಗಿ 50-60 ವ್ಯಾಟ್-ಗಂಟೆಯದು. ಎರಡು ಲ್ಯಾಪ್‌ಟಾಪಿನ ಬ್ಯಾಟರಿ ಕೀಬಂಚಿನಲ್ಲಿ ನೇತಾಡುವುದಿಲ್ಲ. ಹಾಗೆಂದು ಇಂಥ ಬರಹವೆಲ್ಲ ಹಸಿ ಸುಳ್ಳೇ ಆಗಿರಬೇಕೆಂದಿಲ್ಲ. ಹೆಸರುವಾಸಿ ಕಂಪನಿಗಳೂ ಕಾನೂನಿಗೆ ಸಿಕ್ಕದ ಹಾಗೆ ನಮ್ಮನ್ನು ದಾರಿ ತಪ್ಪಿಸಬಲ್ಲವು, ಅದಕ್ಕೆ ಅಳತೆಯ ನಿಯಮದಲ್ಲೇ ಜಾಗವಿದೆ. ಟಾರ್ಚುಗಳನ್ನು ಅಳೆಯಲು 2009ರಲ್ಲಿ ಅಮೆರಿಕದಲ್ಲಿ ‘ಎಫ್‌ಎಲ್ 1’ ಎಂಬ ಮಾನದಂಡ ಬಂತು, 2019ರಲ್ಲಿ ಪರಿಷ್ಕರಣೆಗೊಂಡಿತು. ಜಗತ್ತಿನ ಹೆಚ್ಚಿನ ತಯಾರಕರು ಡಬ್ಬಿಯ ಮೇಲೆ ಹಾಕುವ ಅಂಕಿ ಇದರದ್ದೇ. ಇದರ ಪ್ರಕಾರ ದೀಪ ಎಷ್ಟು ಹೊತ್ತು ಉರಿಯುತ್ತದೆ ಎಂದರೆ, ಹೊತ್ತಿಸಿ 30 ಸೆಕೆಂಡಿನ ನಂತರ ಇದ್ದ ಬೆಳಕು ಶೇ. 10ಕ್ಕೆ ಇಳಿಯುವವರೆಗೆ. ಹಾಗಾಗಿ ‘300 ಲೂಮೆನ್, 1 ಗಂಟೆ’ ಎಂಬ ಟಾರ್ಚು ಎರಡು ನಿಮಿಷ 300ರಲ್ಲಿ ಉರಿದು, ಉಳಿದ ಐವತ್ತೆಂಟು ನಿಮಿಷ 40ರಲ್ಲಿ ತೆವಳಿದರೂ ನಿಯಮ ಮುರಿದಂತಾಗುವುದಿಲ್ಲ. ಒಳ್ಳೆಯ ತಯಾರಕರು ಸಮಯ ಮತ್ತು ಬೆಳಕಿನ ಗ್ರಾಫನ್ನು ಕೈಪಿಡಿಯಲ್ಲೇ ಅಚ್ಚುಹಾಕುತ್ತಾರೆ. ಗ್ರಾಫು ಇದ್ದರೆ ಮೊದಲು ಅದನ್ನು ನೋಡಿ. ಇಲ್ಲದಿದ್ದರೆ ಅತಿ ಹೆಚ್ಚಿನ ಬೆಳಕಿನ ಅಂಕಿಯನ್ನು ಪಕ್ಕಕ್ಕಿಟ್ಟು, ಮಧ್ಯಮ ಬೆಳಕಿನಲ್ಲಿ ಎಷ್ಟು ಹೊತ್ತು ಬರುತ್ತದೆ ಎಂದು ಹುಡುಕಿ. ಟಾರ್ಚಿನ ನಿಜವಾದ ಯೋಗ್ಯತೆ ತಿಳಿಯುವುದು ಅಲ್ಲೇ.

ಹಾಗಾದರೆ ಎಷ್ಟು ಬೆಳಕು ಸಾಕು? ನನ್ನ ವಾದ ಇಷ್ಟೇ: ಕೀಬಂಚಿನ ಟಾರ್ಚಿಗೆ 100 ಲೂಮೆನ್ನಿಗಿಂತ ಹೆಚ್ಚು ಬೇಕಿಲ್ಲ, ಹೆಚ್ಚಿನ ಹೊತ್ತು 30 ಲೂಮೆನ್ನೇ ಧಾರಾಳ. ಇದು ಜಿಪುಣತನದ ಮಾತಾಗಿ ಕೇಳಿಸಬಹುದು, ಆದ್ದರಿಂದ ಅಂಕಿಯಲ್ಲೇ ನೋಡೋಣ. ಲೂಮೆನ್ ಎಂಬುದು ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕು; ಅದು ಮುಂದಕ್ಕೆ ಎಷ್ಟು ಒತ್ತಾಗಿ ಹೋಗುತ್ತದೆ ಎಂಬುದನ್ನು ಹೇಳುವುದು ಕ್ಯಾಂಡೆಲಾ. 30 ಲೂಮೆನ್ನಿನ ಸಣ್ಣ ಟಾರ್ಚೊಂದು ಸುಮಾರು 100 ಕ್ಯಾಂಡೆಲಾ ಕೊಡುತ್ತದೆ ಎಂದಿಟ್ಟುಕೊಳ್ಳಿ. ದೂರದ ವರ್ಗದಿಂದ ಭಾಗಿಸಿದರೆ ಆ ದೂರದಲ್ಲಿ ಬೀಳುವ ಬೆಳಕು ಸಿಗುತ್ತದೆ. 5 ಮೀಟರ್ ಮುಂದೆ ಅದು 4 ಲಕ್ಸ್. ಹುಣ್ಣಿಮೆಯ ಬೆಳದಿಂಗಳನ್ನು ಎಫ್‌ಎಲ್ 1 ಮಾನದಂಡ 0.25 ಲಕ್ಸ್ ಎಂದು ಹಿಡಿಯುತ್ತದೆ. ಅಲ್ಲಿಗೆ ಬೆಳದಿಂಗಳ ಹದಿನಾರು ಪಟ್ಟು. ಸಾಮಾನ್ಯ ನಡಿಗೆಯಲ್ಲಿ 5 ಮೀಟರ್ ಕ್ರಮಿಸಲು ನಾಲ್ಕು ಸೆಕೆಂಡು ಬೇಕು. ದಾರಿಗಡ್ಡವಾಗಿ ಏನಾದರೂ ಇದ್ದರೆ ಕಾಲು ತಡೆಯಲು ಅಷ್ಟು ಸಮಯ ಸಾಲದೇ? ನಮ್ಮಲ್ಲಿ ಇದು ಬರೀ ಅನುಕೂಲದ ಪ್ರಶ್ನೆಯಲ್ಲ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಟ್ಟುಹಾವು ಓಡಾಡುವುದೇ ರಾತ್ರಿ. ಕತ್ತಲಲ್ಲಿ ನಡೆಯುವಾಗ ಟಾರ್ಚು ಹಿಡಿಯಿರಿ ಎಂಬುದು ತಜ್ಞರೆಲ್ಲ ಹೇಳುವ ಮೊದಲ ಮಾತು. ಬಸ್ ಸ್ಟಾಪಿನಿಂದ ಮನೆತನಕದ ದಾರಿಗೆ, ಬಚ್ಚಲಿಗೆ, ಕೊಟ್ಟಿಗೆಗೆ ಕೀಬಂಚಿನ ಟಾರ್ಚು ಸಾಕು. ನಡುರಾತ್ರಿ ತ್ರೀಫೇಸ್ ಬಂದಾಗ ತೋಟದ ಮೋಟರು ಹಾಕಲು ಹೋಗುವವರಿಗೆ ಮಾತ್ರ ದೊಡ್ಡ ಟಾರ್ಚೋ ತಲೆಗೆ ಕಟ್ಟುವ ಹೆಡ್‌ಲೈಟೋ ಬೇಕೇ ಬೇಕು. ಆ ಕೆಲಸವನ್ನು ಇದರ ತಲೆಗೆ ಕಟ್ಟಬಾರದು.

“ಇರಲಿ, ಒಂದೊಂದು ಸಲ ಹೆಚ್ಚು ಬೆಳಕು ಬೇಕಾಗುತ್ತದಲ್ಲ, 300-400 ಲೂಮೆನ್ ಇದ್ದರೆ ನಷ್ಟವೇನು?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಮೊದಲ ಉತ್ತರ ನಮ್ಮ ಕಣ್ಣಿನದು. ಬೆಳಕು ಎರಡು ಪಟ್ಟಾಯಿತು ಎಂದು ಕಣ್ಣಿಗೆ ಅನಿಸಬೇಕಾದರೆ ಲೂಮೆನ್ ಸುಮಾರು ನಾಲ್ಕು ಪಟ್ಟಾಗಬೇಕು. ಬೆಳಕು ತಲುಪುವ ದೂರ ಎರಡರಷ್ಟಾಗಬೇಕಾದರೂ ಕ್ಯಾಂಡೆಲಾ ನಾಲ್ಕು ಪಟ್ಟಾಗಬೇಕು. ಅಂದರೆ 80ರಿಂದ 320 ಲೂಮೆನ್ನಿಗೆ ಹೋದಾಗ ಸೆಲ್ಲಿನ ಆಯುಸ್ಸು ನಾಲ್ಕರಲ್ಲೊಂದಾಗುತ್ತದೆ, ಸಿಗುವ ಲಾಭ ಎರಡು ಪಟ್ಟು ಮಾತ್ರ. ಎರಡನೆಯ ಉತ್ತರ ಬಿಸಿಯದು. 300 ಲೂಮೆನ್ನಿಗೆ ಸುಮಾರು 3 ವ್ಯಾಟು ಬೇಕು. ಅದರಲ್ಲಿ 2 ವ್ಯಾಟಾದರೂ ಬಿಸಿಯಾಗಿ ಟಾರ್ಚಿನ ಮೈಗೆ ಇಳಿಯುತ್ತದೆ. 20 ಗ್ರಾಂ ಅಲ್ಯೂಮಿನಿಯಂ ಒಂದು ಡಿಗ್ರಿ ಏರಲು 18 ಜೂಲ್ ಸಾಕು, ಅಂದರೆ ಒಂಬತ್ತು ಸೆಕೆಂಡಿಗೊಂದು ಡಿಗ್ರಿ. ಮೂರು ನಿಮಿಷಕ್ಕೆ 20 ಡಿಗ್ರಿ. ಗಾಳಿಗೂ ಕೈಗೂ ಒಂದಷ್ಟು ಬಿಸಿ ಹೋಗುತ್ತದೆ ಎಂದಿಟ್ಟುಕೊಂಡರೂ, 30 ಡಿಗ್ರಿ ಸೆಕೆಯ ರಾತ್ರಿಯಲ್ಲಿ ಲೋಹ 50ರ ಹತ್ತಿರ ಬಂದಾಗ ಬೆರಳಲ್ಲಿ ಹಿಡಿಯಲಾಗುವುದಿಲ್ಲ. ಆದ್ದರಿಂದಲೇ ಒಳಗಿನ ಸರ್ಕ್ಯೂಟು ಒಂದೆರಡು ನಿಮಿಷದಲ್ಲಿ ತಾನೇ ಬೆಳಕು ತಗ್ಗಿಸುತ್ತದೆ. ದುಡ್ಡು ಕೊಟ್ಟು ತಂದ 300 ಲೂಮೆನ್ ಅಂಗಡಿಯವನ ಮುಂದೆ ಬೆಳಗಿ ತೋರಿಸುವುದಕ್ಕಷ್ಟೇ ಉಳಿಯಿತು. ಮಳೆಯಲ್ಲಿ ದೂರದ ಗೇಟನ್ನು ಕ್ಷಣಕಾಲ ನೋಡಿಕೊಳ್ಳಲು ಅದು ಉಪಯೋಗಕ್ಕೆ ಬಂದೀತು, ಅಲ್ಲಗಳೆಯುವುದಿಲ್ಲ. ಆದರೆ ಗುಂಡಿ ಒತ್ತಿದ ಕೂಡಲೇ ಅತಿ ಹೆಚ್ಚಿನ ಬೆಳಕೇ ಮೊದಲು ಹೊತ್ತುವ ಟಾರ್ಚು ಬೇಡ. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಮಿಂಚು ಅದನ್ನೆಲ್ಲ ಅಳಿಸಿಹಾಕುತ್ತದೆ. ಮಲಗಿದ ಮಗುವಿನ ಕೋಣೆಯಲ್ಲಿ ಔಷಧಿ ಹುಡುಕಲು 1 ಲೂಮೆನ್ ಸಾಕು, ಬೀಗದ ಕಿಂಡಿ ಕಾಣಲೂ ಅಷ್ಟೇ. ಕಡಿಮೆ, ಮಧ್ಯಮ, ಹೆಚ್ಚು ಎಂಬ ಕ್ರಮದಲ್ಲಿ ಏರುವ ಟಾರ್ಚೇ ಸರಿ. ಕಣ್ಣು ಕುಕ್ಕುವ ಮಿಣಮಿಣ ಸ್ಟ್ರೋಬು ಇದ್ದರಂತೂ ಅದು ದಿನವೂ ಅಡ್ಡ ಬರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಎಲ್ಲರ ಜೇಬಿನಲ್ಲೂ ಮೊಬೈಲಿದೆ, ಅದರಲ್ಲಿ ಟಾರ್ಚಿದೆ, ಮತ್ತೊಂದು ಯಾಕೆ? ಶಕ್ತಿಯ ಲೆಕ್ಕದಲ್ಲಿ ಮೊಬೈಲೇ ಗೆಲ್ಲುತ್ತದೆ ಎಂಬುದನ್ನು ಮೊದಲು ಒಪ್ಪಿಬಿಡಬೇಕು. 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಇದೆ, ನಮ್ಮ ಎಎಎ ಸೆಲ್ಲಿನ ಇಪ್ಪತ್ತು ಪಟ್ಟು ಹತ್ತಿರ. ಕೋಣೆಯಲ್ಲಿ ಕರೆಂಟು ಹೋದಾಗ ಮೇಜಿನ ಮೇಲೆ ಮಗುಚಿಟ್ಟರೆ ಅದಕ್ಕಿಂತ ಒಳ್ಳೆಯ ದೀಪ ಇನ್ನೊಂದಿಲ್ಲ. ಸೋಲುವುದು ದಾರಿಯಲ್ಲಿ. ಮೊಬೈಲಿನ ಬೆಳಕಿಗೆ ಹಿಂದೆ ಪ್ರತಿಫಲಕವಿಲ್ಲ. ಅದು ಕ್ಯಾಮೆರಾಕ್ಕೆಂದು ಮಾಡಿದ್ದು, ಎಲ್ಲ ಕಡೆಗೂ ಚೆಲ್ಲುತ್ತದೆ. 40 ಲೂಮೆನ್ ಹಾಗೆ ಚೆಲ್ಲಿದಾಗ ಮುಂದಕ್ಕೆ ಸಿಗುವುದು ಹೆಚ್ಚೆಂದರೆ 15 ಕ್ಯಾಂಡೆಲಾ. 5 ಮೀಟರ್ ದೂರದಲ್ಲಿ ಅದು 0.6 ಲಕ್ಸ್. ಸಣ್ಣ ಟಾರ್ಚಿನ 4 ಲಕ್ಸಿನ ಪಕ್ಕದಲ್ಲಿಟ್ಟು ನೋಡಿ. ಜೊತೆಗೆ, ಒಂದು ಕೈಯಲ್ಲಿ ಕೊಡೆ ಇನ್ನೊಂದರಲ್ಲಿ ಚೀಲ ಹಿಡಿದು ಬೆರಳು ಒದ್ದೆಯಾಗಿರುವಾಗ ಗಾಜಿನ ಪರದೆಯನ್ನು ಸವರಿ ಟಾರ್ಚು ಹಾಕುವುದು, ಫೋನಿನಲ್ಲಿ ಮಾತಾಡುತ್ತಲೇ ಅದನ್ನೇ ಕಾಲಿನತ್ತ ಹಿಡಿಯುವುದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. ಫ್ಯೂಸು ಹಾಕುವಾಗ ಬೆರಳುದ್ದದ ಟಾರ್ಚನ್ನು ಕಿವಿಯ ಸಂದಿಗೋ ಟೊಪ್ಪಿಯ ಅಂಚಿಗೋ ಸಿಕ್ಕಿಸಬಹುದು. ಇಪ್ಪತ್ತು ಸಾವಿರದ ಫೋನನ್ನು ಸಂಪಿನೊಳಗೆ ಬಾಗಿ ಹಿಡಿಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಈಗ ಸೆಲ್ಲಿನ ಮಾತು. ಇಡೀ ಆಯ್ಕೆಯ ಜುಟ್ಟು ಇರುವುದು ಇಲ್ಲಿ. ಕೀಬಂಚಿನ ಟಾರ್ಚಿನಲ್ಲಿ ಮೂರು ಜಾತಿ: ಎಎಎ ಸೆಲ್ಲಿನವು, ಒಳಗೇ ಲೀಥಿಯಂ ಬ್ಯಾಟರಿ ಕೂಡಿಸಿ ಯುಎಸ್‌ಬಿಯಿಂದ ಚಾರ್ಜ್ ಮಾಡುವಂಥವು, ಗುಂಡಿ ಸೆಲ್ಲಿನವು. ನನ್ನ ಮತ ಎಎಎಗೆ. ಚಾರ್ಜ್ ಮಾಡುವ ಟಾರ್ಚಿನ ಪರವಾಗಿ ಹೇಳುವವರು, ಸೆಲ್ಲು ಕೊಳ್ಳುವ ರಗಳೆಯಿಲ್ಲ, ಫೋನಿನ ಚಾರ್ಜರೇ ಸಾಕು ಎನ್ನುತ್ತಾರೆ. ದಿನವೂ ಬಳಸುವವರಿಗೆ, ಅಂದರೆ ರಾತ್ರಿ ಪಾಳಿಯ ದಾದಿಗೆ, ಲಿಫ್ಟ್ ಮೆಕ್ಯಾನಿಕ್ಕಿಗೆ ಈ ಮಾತು ಪೂರಾ ಒಪ್ಪುತ್ತದೆ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಕೀಬಂಚಿನ ಟಾರ್ಚು ಬೇಕಾಗುವುದು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಬಳಸದ ವಸ್ತುವನ್ನು ಚಾರ್ಜಿಗೆ ಹಾಕಬೇಕೆಂದು ನೆನಪಾಗುವುದಿಲ್ಲ. ನೆನಪಾಗುವುದು ಅದು ಹೊತ್ತದೆ ಇದ್ದಾಗ. ಚಾರ್ಜ್ ಮಾಡುವ ಹಲವು ಟಾರ್ಚುಗಳಲ್ಲಿರುವ ಬ್ಯಾಟರಿ 130 ಎಂಎಎಚ್ ಆಸುಪಾಸಿನದು, ಅರ್ಧ ವ್ಯಾಟ್-ಗಂಟೆಯೂ ಇಲ್ಲ. ಚಾರ್ಜ್ ಮಾಡುವ ಲೀಥಿಯಂ ಬ್ಯಾಟರಿ ಬಳಸದೆ ಇಟ್ಟರೂ ವರ್ಷ ಕಳೆದಂತೆ ಸೊರಗುತ್ತದೆ. ಹಲವು ಮಾದರಿಗಳಲ್ಲಿ ಅದನ್ನು ಬದಲಿಸಲು ಬರುವುದಿಲ್ಲ, ಮೈ ಗಟ್ಟಿಮುಟ್ಟಾಗಿದ್ದರೂ ಟಾರ್ಚೇ ಕಸಕ್ಕೆ. ಎಎಎ ಸೆಲ್ಲು ಯಾವ ಊರಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಏನೂ ಸಿಗದಿದ್ದರೆ ರಿಮೋಟಿನದನ್ನೇ ಕಿತ್ತು ಹಾಕಬಹುದು.

ಹಾಗೆ ಕಿತ್ತು ಹಾಕಿದ್ದನ್ನು ಅದರಲ್ಲೇ ಮರೆತುಬಿಡಬಾರದು ಎಂಬುದೂ ಅಷ್ಟೇ ಮುಖ್ಯ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ‘ಹೆವಿ ಡ್ಯೂಟಿ’ ಸೆಲ್ಲುಗಳು ಜಿಂಕ್-ಕಾರ್ಬನ್ನಿನವು. ರಿಮೋಟು ಕೇಳುವ ಚೂರು ಕರೆಂಟಿಗೆ ಅವು ಸರಿ. 80-100 ಲೂಮೆನ್ ಕೊಡುವ ಟಾರ್ಚು ಸೆಲ್ಲಿನಿಂದ ಒಂದು ಆಂಪಿಯರ್ ಹತ್ತಿರ ಎಳೆಯುತ್ತದೆ, ಅದಕ್ಕೆ ಇವು ಕೂಡಲೇ ಏದುಸಿರು ಬಿಡುತ್ತವೆ. ಆಲ್ಕಲೈನ್ ಸೆಲ್ಲು ಇದಕ್ಕಿಂತ ಮೇಲು. ನಿಧಾನವಾಗಿ ಎಳೆದರೆ 1000 ಎಂಎಎಚ್ ತನಕ ಕೊಡುತ್ತದೆ. ಜೋರಾಗಿ ಎಳೆದರೆ ಅರ್ಧವೂ ಕೊಡದು. ಅದರ ದೊಡ್ಡ ಕೇಡು ಬೇರೆಯೇ ಇದೆ. ಖಾಲಿಯಾಗಿ ಹಾಗೇ ಉಳಿದ ಸೆಲ್ಲಿನಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ರಸ ಒಸರುತ್ತದೆ. ಎಎಎ ಟಾರ್ಚಿನ ಕೊಳವೆ ಸೆಲ್ಲಿಗೆ ಅಳತೆ ಮಾಡಿ ಕೊರೆದಂತಿರುತ್ತದೆ, ಕೂದಲೆಳೆಯಷ್ಟೂ ಸಡಿಲವಿಲ್ಲ. ಒಸರಿದ ಸೆಲ್ಲು ಉಬ್ಬಿ, ಬಿಳಿ ಪುಡಿ ಕಟ್ಟಿ, ಒಳಗೇ ಕಚ್ಚಿಕೊಳ್ಳುತ್ತದೆ. ಮೇಜಿಗೆ ಕುಟ್ಟಿದರೂ ಬರದು, ಸ್ಕ್ರೂ ಹಾಕಿ ಎಳೆದರೂ ಬರದು. ಕೀಬಂಚಿನ ಟಾರ್ಚುಗಳು ಬಿದ್ದು ಒಡೆಯುವುದಕ್ಕಿಂತ ಹೀಗೆ ಹೊಟ್ಟೆ ಕೆಟ್ಟು ಸಾಯುವುದೇ ಹೆಚ್ಚು ಎಂದು ನನ್ನ ಗುಮಾನಿ. ಆದ್ದರಿಂದ ಎರಡೇ ದಾರಿ. ಮನೆಯಲ್ಲಿ ಸೆಲ್ ಚಾರ್ಜರ್ ಇದ್ದರೆ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು. ಜಪಾನಿನ ಸಾನ್ಯೊ ಕಂಪನಿ 2005ರಲ್ಲಿ ‘ಎನೆಲೂಪ್’ ತಂದ ಮೇಲೆ, ವರ್ಷವಿಟ್ಟರೂ ಹೆಚ್ಚಿನ ಚಾರ್ಜು ಉಳಿಸಿಕೊಳ್ಳುವ ಇಂಥ ಸೆಲ್ಲುಗಳು ಬೇರೆ ಹೆಸರಿನಲ್ಲೂ ಸಿಗುತ್ತಿವೆ. ಚಾರ್ಜರಿನ ಗೊಡವೆಯೇ ಬೇಡವೆಂದರೆ ಒಮ್ಮೆ ಬಳಸಿ ಬಿಡುವ 1.5 ವೋಲ್ಟಿನ ಲೀಥಿಯಂ ಎಎಎ. ಬೆಲೆ ಹೆಚ್ಚು, ಆದರೆ ಹತ್ತು ವರ್ಷ ಇಟ್ಟರೂ ಶಕ್ತಿ ಉಳಿಸಿಕೊಳ್ಳುತ್ತದೆ, ಒಸರುವ ಕಾಟವೂ ತೀರಾ ಅಪರೂಪ. ನೋಡಲು ಎಎಎಯಂತೆಯೇ ಇರುವ, 10440 ಎಂದು ಬರೆದ ಸೆಲ್ಲು 3.7 ವೋಲ್ಟಿನದು. ತಯಾರಕರು ಆಗಬಹುದು ಎಂದು ಹೇಳದೆ ಇದ್ದರೆ ಅದನ್ನು ಹಾಕಿ ಸರ್ಕ್ಯೂಟು ಸುಟ್ಟುಕೊಳ್ಳಬೇಡಿ.

ಜಾತ್ರೆಯಲ್ಲೂ ಸಿಗ್ನಲ್ಲಿನಲ್ಲೂ ಐವತ್ತು ರೂಪಾಯಿಗೆ ಸಿಗುವ ಗುಂಡಿ ಸೆಲ್ಲಿನ ಟಾರ್ಚು ಕಳೆದರೂ ಚಿಂತೆಯಿಲ್ಲ, ಅದೇ ಸಾಕಲ್ಲ ಎಂಬ ಮಾತಿಗೆ ಅರ್ಧ ಒಪ್ಪಿಗೆಯಿದೆ. ಬೀಗದ ಕಿಂಡಿ ಹುಡುಕಲು ಸಾಕು. ಆದರೆ ನಾಣ್ಯದಾಕಾರದ ಸೆಲ್ಲು ಜೋರಾಗಿ ಕರೆಂಟು ಕೊಡಲಾರದು, ಬೆಳಕು ಮೊದಲ ನಿಮಿಷದಿಂದಲೇ ಇಳಿಯುತ್ತಾ ಹೋಗುತ್ತದೆ. ಅದಕ್ಕಿಂತ ದೊಡ್ಡ ಭಯ ಮಕ್ಕಳದು. ಲೀಥಿಯಂ ಗುಂಡಿ ಸೆಲ್ಲನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ಸ್ಕ್ರೂ ಇಲ್ಲದೆ ಉಗುರಿನಲ್ಲೇ ಬಿಚ್ಚಿಕೊಳ್ಳುವ ಮುಚ್ಚಳದ ಟಾರ್ಚು ಸಣ್ಣ ಮಕ್ಕಳಿರುವ ಮನೆಗೆ ತರಲೇಬಾರದು. ಜೊತೆಗೆ ಲೇಸರ್ ಕೂಡಿಸಿ ಮಾರುವಂಥವು ಯಾರ ಮನೆಗೂ ಬೇಡ.

ಬಾಳಿಕೆಯ ವಿಷಯಕ್ಕೆ ಬಂದರೆ ಲೋಹದ ಹೆಸರಿಗೆ ಮರುಳಾಗುವವರೇ ಹೆಚ್ಚು. ಟೈಟಾನಿಯಂ ಚೆಂದ, ಆದರೆ ಅಲ್ಯೂಮಿನಿಯಂಗಿಂತ ಒಂದೂ ಮುಕ್ಕಾಲು ಪಟ್ಟು ತೂಕ, ಬಿಸಿ ಸಾಗಿಸುವುದರಲ್ಲಿ ತೀರಾ ಹಿಂದೆ. ಸ್ಟೀಲು ಮೂರು ಪಟ್ಟು ಭಾರ. ಹಾರ್ಡ್ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಸಾಕು. ಕೀಲಿಗಳ ತಿಕ್ಕಾಟಕ್ಕೆ ಅಂಚುಗಳಲ್ಲಿ ಬಣ್ಣ ಹೋಗುತ್ತದೆ, ಅದರಿಂದ ಕೆಲಸಕ್ಕೇನೂ ಕುಂದಿಲ್ಲ. ನೀರಿನ ಮಟ್ಟಿಗೆ ಐಪಿಎಕ್ಸ್4 ಎಂದರೆ ಎರಚಲು ತಡೆಯುವುದು, ಐಪಿಎಕ್ಸ್7 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಾಳುವುದು. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಎರಡನೆಯದನ್ನೇ ನೋಡಿ. ಯುಎಸ್‌ಬಿ ಕಿಂಡಿಗೆ ರಬ್ಬರಿನ ಮುಚ್ಚಳ ಮಾತ್ರ ಇರುವ ಟಾರ್ಚಿನಲ್ಲಿ ಆ ಮುಚ್ಚಳ ಸಡಿಲವಾದ ದಿನ ಈ ಅಂಕಿಗೆ ಬೆಲೆಯಿಲ್ಲ. ಸ್ವಿಚ್ಚಿನ ಆಯ್ಕೆ ಮಾತ್ರ ಸ್ವಲ್ಪ ಯೋಚಿಸಬೇಕಾದದ್ದು. ತಲೆ ತಿರುಗಿಸಿದರೆ ಹೊತ್ತುವ ಟಾರ್ಚಿನಲ್ಲಿ ಕೆಡುವ ಭಾಗ ಕಡಿಮೆ, ಸುಮ್ಮನಿದ್ದಾಗ ಕರೆಂಟು ಸೋರುವುದೂ ಇಲ್ಲ. ಒಂದೇ ಕೈಯಲ್ಲಿ ಹಾಕಲು ಅಭ್ಯಾಸ ಬೇಕು. ಪಕ್ಕದ ಗುಂಡಿಯದು ಸಲೀಸು, ಆದರೆ ಜೇಬಿನಲ್ಲಿ ತಾನೇ ಒತ್ತಿಕೊಂಡು ಬೇಕಾದಾಗ ಖಾಲಿಯಾಗಿರುತ್ತದೆ. ಎರಡು ಸಲ ಒತ್ತಿದರೆ ಮಾತ್ರ ಹೊತ್ತುವ ಅಥವಾ ಲಾಕ್ ಮಾಡಬಹುದಾದ ವ್ಯವಸ್ಥೆ ಇಲ್ಲದ ಪಕ್ಕಗುಂಡಿಯ ಟಾರ್ಚನ್ನು ನಾನು ಯಾರಿಗೂ ಹೇಳುವುದಿಲ್ಲ.

ಮಾದರಿಗಳ ಹೆಸರು ಬೇಕೆನ್ನುವವರಿಗೆ ಒಂದೆರಡು. ಈ ವರ್ಗದ ಹಳಬ 1988ರ ಮ್ಯಾಗ್‌ಲೈಟ್ ಸಾಲಿಟೇರ್. ಆಗ ಒಳಗಿದ್ದದ್ದು ತಂತಿ ಬಲ್ಬು, ಬೆಳಕು ಎರಡು ಮೂರು ಲೂಮೆನ್ ಇದ್ದರೆ ಹೆಚ್ಚು. ಅದೇ ಒಂದು ಎಎಎ ಸೆಲ್ಲಿನ ಎಲ್‌ಇಡಿ ಸಾಲಿಟೇರ್ ಈಗ 47 ಲೂಮೆನ್ ಕೊಡುತ್ತದೆ. ಸೆಲ್ಲು ಬೆಳೆಯಲಿಲ್ಲ, ಬಲ್ಬು ಬದಲಾಯಿತು. 1990ರ ದಶಕದಲ್ಲಿ ನೀಲಿ ಎಲ್‌ಇಡಿ, ಅದರ ಬೆನ್ನಿಗೇ ಬಿಳಿ ಎಲ್‌ಇಡಿ ಬಂದದ್ದರ ಫಲವಿದು. ನೀಲಿಯನ್ನು ಸಾಧಿಸಿದ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಈಗಿನವುಗಳಲ್ಲಿ ಫೀನಿಕ್ಸ್ ಇ01 ವಿ2.0 ಈವರೆಗೆ ಹೇಳಿದ್ದಕ್ಕೆಲ್ಲ ಹೆಚ್ಚು ಹೊಂದುತ್ತದೆ: ಒಂದು ಎಎಎ, ತಲೆ ತಿರುಗಿಸುವ ಸ್ವಿಚ್ಚು, 5, 25, 100 ಲೂಮೆನ್ನಿನ ಮೂರು ಹಂತ. ಓಲೈಟ್ ಐ3ಇ 90 ಲೂಮೆನ್ನಿನ ಒಂದೇ ಹಂತದ್ದು. ಮನೆಯ ಹಿರಿಯರಿಗೆ ಕೊಡಲು ಈ ಸರಳತೆಯೇ ಅನುಕೂಲ. ಚಾರ್ಜ್ ಮಾಡುವುದೇ ಬೇಕು ಎನ್ನುವವರು ನೈಟ್‌ಕೋರ್ ಟ್ಯೂಬಿನಂಥ ಹಗುರ ಪ್ಲಾಸ್ಟಿಕ್ಕಿನದನ್ನು ನೋಡಬಹುದು, ಅದು 45 ಲೂಮೆನ್ನಿಗೇ ತೃಪ್ತಿಪಡುತ್ತದೆ. ವಯರಿಂಗ್ ಕೆಲಸದವರು ಬಣ್ಣವನ್ನು ಸರಿಯಾಗಿ ತೋರಿಸುವ, ಸಿಆರ್‌ಐ 90ಕ್ಕಿಂತ ಹೆಚ್ಚಿರುವ ಎಲ್‌ಇಡಿಯನ್ನು ಕೇಳಿ ಕೊಳ್ಳಬೇಕು. ನೀಲಿಬಿಳಿ ಬೆಳಕಿನಲ್ಲಿ ಕೆಂಪು ವಯರೂ ಕಂದು ವಯರೂ ಒಂದೇ ಥರ ಕಾಣುತ್ತವೆ.

ತಂದ ಮೇಲೆ ಮಾಡಬೇಕಾದದ್ದು ಹೆಚ್ಚಿಲ್ಲ. ಜೇಬಿನ ನೂಲುಪುಡಿ ತಿರುಪಿನ ಸಂದಿಯಲ್ಲಿ ಸೇರಿಕೊಳ್ಳುತ್ತದೆ, ಆಗಾಗ ಬಟ್ಟೆಯಿಂದ ಒರೆಸಿ, ಒಳಗಿನ ರಬ್ಬರ್ ಉಂಗುರಕ್ಕೆ ಚೂರು ಸಿಲಿಕೋನ್ ಗ್ರೀಸು ಸವರಿದರೆ ಸಾಕು. ವ್ಯಾಸಲೀನು ಹಚ್ಚಿದರೆ ಕೆಲವು ಬಗೆಯ ರಬ್ಬರು ಉಬ್ಬುತ್ತದೆ. ಟಾರ್ಚಿನ ಜೊತೆ ಬರುವ ತೆಳು ಉಂಗುರವನ್ನು ಮೊದಲ ದಿನವೇ ಬಿಸಾಡಿ, ಗಟ್ಟಿ ಸ್ಪ್ಲಿಟ್ ರಿಂಗು ಹಾಕಿ. ಇಂಥ ಟಾರ್ಚುಗಳು ಕೆಡುವುದಕ್ಕಿಂತ ಕಳಚಿ ಬಿದ್ದು ಕಳೆದುಹೋಗುವುದು ಸುಲಭ. ಬೈಕಿನವರು ಕೀಲಿಗೂ ಟಾರ್ಚಿಗೂ ನಡುವೆ ಬಿಚ್ಚಿ ಹಾಕುವ ಸಣ್ಣ ಕ್ಲಿಪ್ಪೊಂದನ್ನು ಸೇರಿಸಿಕೊಳ್ಳಬೇಕು. ಇಗ್ನಿಷನ್ನಿನಲ್ಲಿ ಟಾರ್ಚು ಓಲಾಡಿ ಟ್ಯಾಂಕಿನ ಬಣ್ಣ ಕೆರೆಯುವುದು ತಪ್ಪುತ್ತದೆ, ಗಾಡಿ ಕೆಟ್ಟು ನಿಂತಾಗ ಕೀಲಿ ತೆಗೆಯದೆ ಟಾರ್ಚನ್ನು ಮಾತ್ರ ಬಿಚ್ಚಿಕೊಂಡು ಪ್ಲಗ್ಗು ನೋಡಬಹುದು.